ಎರಡು ಸಲ ಬಿಚ್ಚಿದ ಹೊಲಿಗೆ

ನವೆಂಬರ್ ೧೨, ಮಂಗಳವಾರ

ಇಷ್ಟು ವರ್ಷ ಊರವರ ಅಳತೆಯೆಲ್ಲ ತೆಗೆದವಳಿಗೆ ಒಡಹುಟ್ಟಿದವನ ಅಳತೆಯೇ ತಿಳಿಯಲಿಲ್ಲ.

ಹೋದ ವರ್ಷ ಹೃದಯಾಘಾತವಾದ ಮೇಲೆ ಅಣ್ಣ ಕಡ್ಡಿಯಾಗಿದ್ದ. ಹೋದ ತಿಂಗಳ ಕೊನೆಗೆ ಪ್ಯಾಂಟು ಬಿಗಿ ಎಂದಾಗ ನನಗೆ ಖುಷಿಯೋ ಖುಷಿ. ಸೊಂಟದ ಹೊಲಿಗೆ ಬಿಚ್ಚಿ ಒಂದಿಂಚು ಬಿಟ್ಟೆ. ಹತ್ತೇ ದಿನಕ್ಕೆ ಇನ್ನೊಂದಿಂಚು. ನನ್ನ ಕೈಯಡುಗೆ ಅವನ ಮೈಗೆ ಹತ್ತಿದೆ ಎಂದು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಹೇಳಿಕೊಂಡು ಬೀಗಿದೆ.

ಇವತ್ತು ಏದುಸಿರು ಬಿಡುತ್ತ ಮೆಟ್ಟಿಲ ಮೇಲೆ ಕೂತೇಬಿಟ್ಟ. ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರಮ್ಮ ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಬೆರಳು ತೆಗೆದರೂ ಗುಳಿ ಹಾಗೇ ಉಳಿಯಿತು.

"ಇದು ಮೈ ತುಂಬಿದ್ದಲ್ಲಮ್ಮ, ನೀರು. ಹೃದಯದ ಸ್ನಾಯು ಸೋತಿದೆ. ರಕ್ತ ಮುಂದಕ್ಕೆ ಸರಿಯಾಗಿ ತಳ್ಳೋಕಾಗ್ತಿಲ್ಲ. ಹಿಂದೆ ಒತ್ತಡ ಏರಿ ಕಾಲು, ಹೊಟ್ಟೆ, ಶ್ವಾಸಕೋಶದಲ್ಲೆಲ್ಲ ನೀರು ನಿಂತಿದೆ. ಉಪ್ಪು ಕಮ್ಮಿ ಮಾಡಿ. ದಿನಾ ಬೆಳಿಗ್ಗೆ ತೂಕ ನೋಡಿ, ದಿಢೀರಂತ ಏರಿದ್ರೆ ತಕ್ಷಣ ಬನ್ನಿ" ಎಂದು ನೀರಿಳಿಸುವ ಮಾತ್ರೆ ಬರೆದುಕೊಟ್ಟರು.

ಚಪ್ಪಲಿಯೂ ಕಾಲಿಗೆ ಏರುತ್ತಿರಲಿಲ್ಲವೆಂದು ಅಣ್ಣ ಆಗ ಬಾಯಿಬಿಟ್ಟ. ದಾರಿಯುದ್ದಕ್ಕೂ ಬೈದೆ. "ಮೊದಲೇ ಹೇಳೋಕೆ ಬಾಯಿಗೇನು ಹೊಲಿಗೆ ಹಾಕಿದ್ರಾ?"

"ನೀನು ಅಷ್ಟು ಖುಷಿಯಾಗಿದ್ದೆ ಕಣೇ. ಕೆಡಿಸೋಕೆ ಮನಸ್ಸಾಗ್ಲಿಲ್ಲ."



ಈಗ ಮೂರು ದಿಂಬಿಗೆ ಒರಗಿ ಮಲಗಿದ್ದಾನೆ. ಅವನ ಪ್ಯಾಂಟು ನನ್ನ ಮಡಿಲಲ್ಲಿದೆ. ಬಿಚ್ಚಿದ ಹೊಲಿಗೆಯ ಸಣ್ಣ ತೂತುಗಳು ಇನ್ನೂ ಸಾಲಾಗಿ ಕಾಣುತ್ತಿವೆ. ಅದೇ ತೂತುಗಳಲ್ಲಿ ಮತ್ತೆ ಸೂಜಿ ಓಡಿಸುವ ದಿನ ಬೇಗ ಬರಲಿ. ಸೊಂಟದಲ್ಲಿ ನಿಲ್ಲುತ್ತಿಲ್ಲ, ಇದೆಂಥ ಹೊಲಿಗೆ ಎಂದು ಅವನು ನನ್ನನ್ನು ಬೈಯಲಿ. ನಡುವೆ ಒಮ್ಮೆಯೂ ಏದುಸಿರು ಬಿಡದೆ, ಬಾಯಿ ತುಂಬ ಬೈಯಲಿ.