ಎಡಗಾಲಿನ ಹೆಬ್ಬೆರಳು

ಚಿಕ್ಕಬಾಣಾವರ
ಭಾನುವಾರ, ೧೮-೮-೨೦೨೪

ನಮ್ಮ ಮನೆಯವರಿಗೆ ಮಹಾದೇವಿಯ ಶರಣಾರ್ಥಿ.

ಕಾಲು ಹೇಗಿದೆ? ಬಾವು ಇಳಿಯಿತೋ, ಇನ್ನೂ ಕೆಂಪೇರಿ ಮಿರಿಮಿರಿ ಅನ್ನುತ್ತಿದೆಯೋ? ಇಲ್ಲಿ ಚಾದರ ತಾಗಿದರೂ ಹಲ್ಲು ಕಚ್ಚುತ್ತಿದ್ದಿರಿ. ಅಲ್ಲಿ ಎಂಟು ಜನ ಮಲಗುವ ಕೋಣೆಯಲ್ಲಿ ಯಾರಾದರೂ ತುಳಿದುಬಿಟ್ಟರೆ ಏನು ಗತಿ ಎಂದು ನನಗೆ ಅದೇ ಯೋಚನೆ. ನಾನು, ಮಗಳು ಭುವನೇಶ್ವರಿ ಚೆನ್ನಾಗಿದ್ದೇವೆ. ಅಂದರೆ ಉಣ್ಣುತ್ತಿದ್ದೇವೆ, ಅಷ್ಟೇ. ನೀವು ಫೋನ್ ಎತ್ತುವುದಿಲ್ಲ, ಅದಕ್ಕೇ ಅವಳ ರಫ್ ಬುಕ್ಕಿನ ಹಾಳೆ ಹರಿದು ಬರೆಯುತ್ತಿದ್ದೇನೆ. ಏಳನೆಯದಕ್ಕೇ ಶಾಲೆ ಬಿಟ್ಟವಳು ನಾನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಜೊತೆಯ ಸಿದ್ರಾಮಣ್ಣ ಇವತ್ತು ಸಂಜೆ ಬೆಳ್ಳಂದೂರಿಗೆ ಡ್ಯೂಟಿಗೆ ಬರುವಾಗ ರೊಟ್ಟಿ ಬುತ್ತಿಯ ಜೊತೆ ಇದನ್ನೂ ಕೊಡುತ್ತಾನೆ. ಬುತ್ತಿ ಇಟ್ಟುಕೊಂಡು ಕಾಗದ ಬಿಸಾಡಬೇಡಿ.

ಹೋದ ಭಾನುವಾರ ನಲ್ಲಿಯ ಮುಂದೆ ನಾನು ಆಡಿದ ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ಓನರ್ ಲಕ್ಷ್ಮಮ್ಮ, "ಏನಮ್ಮಾ ಮಾದೇವಿ, ನಿನ್ ಗಂಡ ಇಂಗೆ ತೂರಾಡ್ಕಂಡ್ ಬತ್ತಾವ್ನೆ, ಬೆಳ್‌ಬೆಳಿಗ್ಗೇನೇ ಏರ್ಸವ್ನಾ?" ಅಂದರು. ಅಷ್ಟು ಸಾಕಾಯಿತು ನನಗೆ. ಯುಗಾದಿ ಹೊತ್ತಿಗೆ ಮೊದಲ ಸಲ ಬೆರಳು ಬಾತಾಗ ಡಾಕ್ಟರ್ ಕೃಪಾ ಮೇಡಂ ಕುಡಿಯುತ್ತೀರಾ ಎಂದು ಕೇಳಿದ್ದರು, ನೀವು ನೆಲ ನೋಡಿದ್ದಿರಿ. ಆ ನೆಲ ನೋಡಿದ್ದೇ ನನ್ನೊಳಗೆ ಕೂತಿತ್ತು. "ಇದು ಕುಡುಕರ ರೋಗ, ಲಿಂಗ ಕಟ್ಟಿದ ಕೊರಳಾಗ ಶೆರೆ ಇಳಸ್ತೀರಿ" ಎಂದು ಓಣಿಗೆಲ್ಲ ಕೇಳುವಂತೆ ಕೂಗಿದೆ. ನೀವು ಮೆಟ್ಟಲಾಗದ ಬೂಟನ್ನು ಚೀಲಕ್ಕೆ ತುರುಕಿಕೊಂಡು, "ಕಾಲಿಗಿಂತ ನಿನ್ನ ಮಾತ ಜಾಸ್ತಿ ಸುಡತೈತಿ" ಎಂದು ಕುಂಟುತ್ತ ಬಸ್ಸಿಗೆ ಹೋದಿರಿ.

ನಿನ್ನೆ ನಿಮ್ಮ ಫೈಲು ಹಿಡಿದುಕೊಂಡು ಮೇಡಂ ಹತ್ತಿರ ಹೋಗಿದ್ದೆ. ಸಿದ್ರಾಮಣ್ಣನೂ ಬಂದಿದ್ದ. "ಕುಡೀದೇ ಇರೋರಿಗೂ ಬರತ್ತಮ್ಮ. ಅವರ ತಂದೆಗಿತ್ತಾ?" ಎಂದರು. ನನಗೆ ಮಾವನವರು ವರ್ಷಕ್ಕೆರಡು ಸಲ ಕಾಲೆಳೆಯುತ್ತಿದ್ದದ್ದು ನೆನಪಾಯಿತು. ಉಳುಕು ಎಂದು ನಾವೆಲ್ಲ ತಿಕ್ಕುತ್ತಿದ್ದೆವಲ್ಲ, ಎಷ್ಟು ನೊಂದರೋ ಪಾಪ. ಇದಕ್ಕೆ ಗೌಟ್ ಅನ್ನುತ್ತಾರಂತೆ, ರಕ್ತದಲ್ಲಿ ಒಂದು ಉಪ್ಪು ಹೆಚ್ಚಾಗುತ್ತದಂತೆ. ಬೋರ್ ನೀರಿನ ಪಾತ್ರೆಯ ತಳಕ್ಕೆ ಬಿಳಿ ಕಟ್ಟುವುದಿಲ್ಲವೇ, ಹಾಗೆ ಅದು ಬೆರಳ ಕೀಲಿನಲ್ಲಿ ಸೂಜಿ ಸೂಜಿಯಾಗಿ ಕೂರುತ್ತದಂತೆ. ದಿನಕ್ಕೆಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದರು. ನಾನು ಬಾಯಿ ಬಿಡುವ ಮೊದಲೇ ಸಿದ್ರಾಮಣ್ಣ, "ಗೇಟಿನ್ಯಾಗ ನಿಂತಾವ ನೀರ ಕುಡಿಯಂಗಿಲ್ರೀ ಮೇಡಂ. ಬದಲಿ ಮಂದಿ ಇಲ್ಲ. ಒಂದಕ್ಕ ಅಂತ ಗೇಟ್ ಬಿಟ್ರ ಸೂಪರ್‌ವೈಸರ್ ಖಾಲಿ ಕುರ್ಚಿ ಫೋಟೋ ಹೊಡದು ಗ್ರೂಪಿಗೆ ಹಾಕ್ತಾನ. ನಿದ್ದಿ ಬಂದ್ರ ಒಂದು ಗುಟುಕು ಕೂಲ್ ಡ್ರಿಂಕ್ಸು, ಅಷ್ಟ. ಶೆರೆ ಮುಟ್ಟಿದ್ದ ನಾ ಒಂದ ದಿನಾನೂ ಕಂಡಿಲ್ಲ" ಎಂದ. ಹನ್ನೆರಡು ತಾಸು ನೀರಿಲ್ಲದೆ! ನೀವು ಒಂದು ದಿನವೂ ಹೇಳಲಿಲ್ಲವಲ್ಲ. ಆ ಸಿಹಿ ನೀರೂ ಈ ರೋಗಕ್ಕೆ ಕೆಟ್ಟದ್ದಂತೆ, ಮುಟ್ಟಬೇಡಿ.

ನಾಳೆ ಶ್ರಾವಣ ಸೋಮವಾರ. ನೀವು ನೀರೂ ಮುಟ್ಟದೆ ಉಪವಾಸ ಮಾಡುತ್ತೀರಿ ಎಂದು ನನಗೆ ಗೊತ್ತು. ಮಾಡಬೇಡಿ. ಶಿವ ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗಲಿ. ಬುತ್ತಿಯ ಮೇಲಿನ ಪೊಟ್ಟಣದಲ್ಲಿ ನೋವಿನ ಗುಳಿಗೆ ಇದೆ, ಉಂಡ ಮೇಲೆ ನುಂಗಿ. ಮೆಡಿಕಲ್ ಅಂಗಡಿಯವನು ಕೊಡುವುದನ್ನು ಇದರ ಮೇಲೆ ತಿನ್ನಬೇಡಿ. ಕಾಲು ತಿಕ್ಕಿಸಬೇಡಿ, ಬಟ್ಟೆಯಲ್ಲಿ ಐಸ್ ಸುತ್ತಿ ಇಡಿ. ಬೂಟು ಬೇಡ, ಕುಳಿತು ಕೆಲಸ ಮಾಡಲಿ, ನೀರಿಗೂ ಒಂದಕ್ಕೂ ಬಿಡಬೇಕು ಎಂದು ಮೇಡಂ ಚೀಟಿ ಬರೆದಿದ್ದಾರೆ, ಅದನ್ನು ಸೂಪರ್‌ವೈಸರ್ ಮುಖಕ್ಕೆ ಹಿಡಿಯಿರಿ. ಹಿಡಿಯುತ್ತೀರೋ ಇಲ್ಲವೋ, ನಿಮಗೆ ಸಂಕೋಚ ಜಾಸ್ತಿ.

ಇವತ್ತು ಅದೇ ನಲ್ಲಿಯ ಮುಂದೆ ನಿಂತು, ನನ್ನ ಗಂಡ ಕುಡಿಯುವುದಿಲ್ಲ ಎಂದು ಅಷ್ಟೇ ಗಟ್ಟಿಯಾಗಿ ಹೇಳಿದೆ. "ಅಂಗಾದ್ರೆ ಅವತ್ತು ಯಾಕಮ್ಮಾ ಊರೆಲ್ಲ ಎಬ್ಬಿಸ್ದೆ?" ಎಂದರು ಲಕ್ಷ್ಮಮ್ಮ. ಕೊಡ ತುಂಬುವ ಮೊದಲೇ ಎತ್ತಿಕೊಂಡು ಬಂದುಬಿಟ್ಟೆ.

ಭುವನೇಶ್ವರಿ ನಿಮಗೆ ನಮಸ್ಕಾರ ಹೇಳಿದ್ದಾಳೆ. ಗೇಟಿನಲ್ಲಿ ಬಿಸಿಲು ಬಿದ್ದರೆ ನೆರಳಿಗೆ ಸರಿಯಿರಿ.

ನಿಮ್ಮ
ಮಹಾದೇವಿ

ತಾ.ಕ.: ಮರೆತಿದ್ದೆ ಎಂದು ಬರೆಯಲು ಹೊರಟೆ. ಮರೆತಿರಲಿಲ್ಲ. ಯುಗಾದಿಗೇ ಮೇಡಂ ಇನ್ನೊಂದು ಗುಳಿಗೆ ಬರೆದಿದ್ದರು, ಸಣ್ಣದು, ಬಿಳಿಯದು. ನೋವಿಲ್ಲದಾಗಲೂ ದಿನಾ ನುಂಗಬೇಕು, ಬಿಟ್ಟರೆ ಮತ್ತೆ ಬರುತ್ತದೆ ಎಂದು ನನಗೇ ಹೇಳಿದ್ದರು. ಬಾವು ಇಳಿದ ಮೇಲೆ ನೀವು "ಗುಳಿಗಿ ಮುಗದ್ವೇನ?" ಎಂದು ಕೇಳಿದಿರಿ. ಸಾಕು ಅಂದಾರ ಮೇಡಂ ಎಂದೆ. ಅವರು ಅಂದಿರಲಿಲ್ಲ. ನಮ್ಮ ಚನ್ನಕ್ಕ ಗುಳಿಗೆ ತಿಂದೂ ತಿಂದೂ ಕಿಡ್ನಿ ಕಳೆದುಕೊಂಡದ್ದು ಕಣ್ಣಮುಂದೆ ಇತ್ತು, ನೋವಿಲ್ಲದವರಿಗೆ ಯಾಕೆ ವಿಷ ಎಂದು ಜೋಳದ ಹಿಟ್ಟಿನ ಡಬ್ಬಿಯ ತಳಕ್ಕೆ ಒತ್ತಿಟ್ಟೆ. ಆಮೇಲೆ ಎರಡು ಸಲ ಬಾತಿತಲ್ಲ, ಅದು ನನ್ನಿಂದ. ಬೈದದ್ದು ನಿಮಗೆ. ಬಾವು ಇರುವಾಗ ನಾವಾಗಿ ಅದನ್ನು ಶುರು ಮಾಡಬಾರದಂತೆ, ಗುರುವಾರ ಬಂದು ರಕ್ತ ಕೊಟ್ಟರೆ ಮೇಡಂ ಹೇಳುತ್ತಾರೆ. ಬನ್ನಿ. ಬಂದಮೇಲೆ ಗುಳಿಗೆ ನೀವೇ ಇಟ್ಟುಕೊಳ್ಳಿ, ನನ್ನ ಕೈಗೆ ಕೊಡಬೇಡಿ.