ನಿನ್ನ ನೀಲಿ ಜಾಕೆಟ್ಟನ್ನು ನಾನೇ ಸುಟ್ಟೆ

ದೊಡ್ಡ ಸಂಸ್ಥೆಯ ದೊಡ್ಡ ಅಧಿಕಾರಿಯಾಗಿರುವ ನನ್ನ ಮೊಮ್ಮಗಳಿಗೆ, ನಿನ್ನ ಅಜ್ಜಿ ಸಿಟ್ಟು ಇಳಿಯುವ ಮೊದಲೇ ಕೂತು ಬರೆಯುತ್ತಿರುವುದು.

ಇಲ್ಲಿ ನಾವೆಲ್ಲ ಕ್ಷೇಮ. ನೀನೂ ಕ್ಷೇಮ ಅಂತ ಗೊತ್ತು, ಅದಕ್ಕೇ ಕೇಳುತ್ತಿಲ್ಲ. ಬಾಗಿಲ ಹಿಂದಿನ ಮೊಳೆಗೆ ಒಂದು ನೀಲಿ ಜಾಕೆಟ್ಟು ನೇತುಹಾಕಿ ಹೋಗಿದ್ದೆಯಲ್ಲ, ಬೆನ್ನ ಮೇಲೆ ನಿಮ್ಮ ಸಂಸ್ಥೆಯ ಬಿಳಿ ಗುರುತು ಇದ್ದದ್ದು, ಸಮಾರಂಭದಲ್ಲಿ ಫೋಟೋ ತೆಗೆಯುತ್ತಾರೆ, ಅಪ್ಪನ ಕೈಲಿ ಕಳಿಸಿ ಅಂದಿದ್ದೆಯಲ್ಲ, ಅದು ಈಗ ಇಲ್ಲ. ನಾನೇ ಸುಟ್ಟೆ. ಮರೆವಿನಿಂದಲ್ಲ, ಕೈತಪ್ಪಿನಿಂದಲ್ಲ. ಬೇಕಂತಲೇ ಸುಟ್ಟೆ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನನ್ನ ದನಿ ಸ್ವಲ್ಪ ಗಡಸಾದರೆ ಸಾಕು, ‘ಅಜ್ಜಿ, ಮೀಟಿಂಗ್ ಶುರುವಾಯ್ತು’ ಅನ್ನುತ್ತೀಯ. ಅದೆಂಥ ಮೀಟಿಂಗೋ ತಾಯಿ, ನಾನು ಬಾಯಿ ತೆರೆಯುವುದನ್ನೇ ಕಾದು ಕೂತಿರುತ್ತದೆ. ಕಾಗದವನ್ನು ನೀನು ಹಾಗೆ ನಡುವೆ ಕಟ್ ಮಾಡಲಾರೆ. ಅಕ್ಷರ ಸೊಟ್ಟಗಿದೆ ಅಂತ ನೆಪ ಹೇಳಬೇಡ. ಚಿಕ್ಕವಳಿದ್ದಾಗ ಇದೇ ಸೊಟ್ಟ ಅಕ್ಷರದ ಮೇಲೆ ಬೆರಳಿಟ್ಟು ಓದಲು ಕಲಿತವಳು ನೀನು.

ನಿನಗಾಗಿ ನಾನು ಯಾರ ಯಾರ ಜೊತೆ ಜಗಳಕ್ಕೆ ನಿಂತೆ ಅನ್ನುವುದನ್ನು ಒಮ್ಮೆ ನೆನಪು ಮಾಡಿಕೋ. ಕಾಲೇಜು ಮುಗಿಸಿ ಬಂದು, ಬೇರೆ ದೇಶಗಳಿಗೆ ಹೋಗಿ ಶಾಂತಿಯ ಕೆಲಸ ಮಾಡುತ್ತೇನೆ ಅಂದೆ. ನಿಮ್ಮಪ್ಪ ಬಸ್ಸಿನ ಸೀಟು ಹೊಲಿಯುತ್ತಿದ್ದವನು ಸೂಜಿಯನ್ನು ರೆಕ್ಸಿನ್ನಿನಲ್ಲೇ ಚುಚ್ಚಿಟ್ಟು ತಲೆ ಎತ್ತಿದ. ‘ಶಾಂತಿ ಮಾಡಿಸೋದೂ ಒಂದು ಕೆಲಸಾನಾ? ಸಂಬಳ ಯಾರು ಕೊಡ್ತಾರೆ, ಜಗಳ ಆಡೋರಾ?’ ಅಂದ. ನಿನ್ನ ಸೋದರತ್ತೆ, ‘ನೆಟ್ಟಗೆ ಬ್ಯಾಂಕ್ ಪರೀಕ್ಷೆ ಬರೀಲಿ, ಹುಚ್ಚಾಟ ಸಾಕು’ ಅಂತ ಮೂಗು ಮುರಿದಳು. ಆಗ ನಾನು ನಿಮ್ಮಪ್ಪನಿಗೆ ಏನಂದೆ? ‘ಇಷ್ಟು ವರ್ಷದಿಂದ ಬಸ್ಸಿನ ಸೀಟು ಹೊಲೀತಿದೀಯಲ್ಲೋ, ಆ ಬಸ್ಸುಗಳು ಎಲ್ಲಿಗೆ ಹೋಗ್ತವೆ ಅಂತ ಒಂದಿನ ಹತ್ತಿ ನೋಡಿದೀಯಾ? ನಿನ್ನ ಮಗಳಾದ್ರೂ ನೋಡ್ಕೊಂಡು ಬರಲಿ ಬಿಡು.’ ಅವನು ಮತ್ತೆ ಸೂಜಿ ಕೈಗೆತ್ತಿಕೊಂಡ.

ಆಮೇಲಿನದೂ ಸುಲಭವೇನಿರಲಿಲ್ಲ. ಸಂಬಳವಿಲ್ಲದೆ ಕೆಲಸ ಕಲಿಯಬೇಕು ಅಂದರು, ನೀನು ಕಲಿತೆ. ಇನ್ನೊಬ್ಬರ ಹೆಸರಿಗೆ ವರದಿ ಬರೆದುಕೊಟ್ಟೆ. ಕಂಪ್ಯೂಟರಿನಲ್ಲೇ ಸಂದರ್ಶನ ಇದ್ದ ದಿನ ನಿಮ್ಮಪ್ಪ ಅಂಗಡಿಯ ಮಷೀನುಗಳನ್ನೆಲ್ಲ ನಿಲ್ಲಿಸಿ, ಬಂದ ಗಿರಾಕಿಗಳಿಗೆ ‘ಶ್ಶ್’ ಅನ್ನುತ್ತ ಬಾಗಿಲಲ್ಲಿ ನಿಂತಿದ್ದ. ಲಾರಿ ಡ್ರೈವರೊಬ್ಬ, ‘ಯಾಕಣ್ಣ, ಮನೇಲಿ ಯಾರಾದ್ರೂ ಹೋಗಿಬಿಟ್ರಾ?’ ಅಂತ ಮೆಲ್ಲಗೆ ಕೇಳಿದನಂತೆ. ಕೆಲಸ ಸಿಕ್ಕಿದ ಮೇಲೆ ನೀನು ನನಗೆ ಬಿಡಿಸಿ ಹೇಳಿದ್ದೆ: ‘ಎರಡೂ ಕಡೆಯವರ ಮಾತನ್ನ ಕೂತು ಕೇಳಿಸ್ಕೊಳ್ಳೋದು ಅಜ್ಜಿ. ನಮ್ಮ ಕೆಲಸದಲ್ಲಿ ಅರ್ಧ ಅದೇ.’ ನಾನು ಹಿಗ್ಗಿ ಹೋದೆ. ಈ ಮನೆಯಲ್ಲಿ ಒಬ್ಬರ ಮಾತು ಒಬ್ಬರು ಕೇಳಿಸಿಕೊಂಡದ್ದನ್ನು ನಾನಂತೂ ಕಂಡಿರಲಿಲ್ಲ.

ಕೆಲಸದ ಮೇಲೆ ನಿನ್ನನ್ನು ಕಳಿಸಿದ ಆ ಪರದೇಶದ ಗುಡ್ಡದ ಊರಿನಲ್ಲಿ ನಿನಗೆ ಮಹಡಿಯ ಕೋಣೆ ಬಾಡಿಗೆಗೆ ಕೊಟ್ಟ ಮುದುಕಿಯನ್ನು ಮೊದಲ ಸಲ ಫೋನಿನಲ್ಲಿ ತೋರಿಸಿದಾಗ ನಾನೇ ತಾನೇ ಅಂದದ್ದು, ‘ನನ್ನ ಮೊಮ್ಮಗಳು ನಿಮ್ಮನೇಲಿ ಇದಾಳೆ ಅಂದ್ಮೇಲೆ ನೀನು ನಂಗೆ ಬೀಗಿತ್ತಿ ಆದೆ’ ಅಂತ. ಅದನ್ನು ನೀನು ಅವಳ ಭಾಷೆಯಲ್ಲಿ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮದುವೆಯ ಗಲಾಟೆ, ಖರ್ಚು ಏನೂ ಇಲ್ಲದೆ ನನಗೆ ಬೀಗಿತ್ತಿ ಸಿಕ್ಕಳು. ಆಮೇಲೆ ನಮ್ಮಿಬ್ಬರಿಗೆ ನೀನೂ ಬೇಕಾಗಲಿಲ್ಲ. ಅವಳು ಕಬ್ಬಿಣದ ಒಲೆಯ ಪಕ್ಕ ಕೂತು ಉಣ್ಣೆ ಹೆಣೆಯುವುದು, ನಾನು ಅಂಗಡಿಯ ಹಿಂದೆ ಕೂತು ಕೌದಿ ಹೊಲಿಯುವುದು. ನನ್ನ ಹೊಲಿಗೆ ಉದ್ದವಾಯಿತು ಅಂತ ಅವಳು ಅವಳ ಭಾಷೆಯಲ್ಲಿ ಬೈದಳು, ನಿನ್ನ ಗಂಟು ನೋಡಿಕೊಳ್ಳೇ ಅಂತ ನಾನು ನನ್ನ ಭಾಷೆಯಲ್ಲಿ ಬೈದೆ. ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ನೀನು ಜ್ವರದಲ್ಲಿ ಮಲಗಿದ್ದಾಗ ನಿನ್ನ ಹಣೆಯ ಮೇಲೆ ಕೈಯಿಟ್ಟು, ಫೋನು ನನ್ನ ಕಡೆ ತಿರುಗಿಸಿ, ಇಳಿದಿದೆ ಅಂತ ಸನ್ನೆ ಮಾಡಿದವಳು ಅವಳು. ನಾನು ಇಟ್ಟಿರಬೇಕಾದ ಕೈ ಅದು.

ಆ ಊರನ್ನು ಬಂದೂಕಿನವರು ಹಿಡಿದುಕೊಂಡಾಗ ನಿಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿ, ವಿಮಾನ ಹತ್ತಿಸಿ ಕಳಿಸಿದರು. ಒಂದು ಚೀಲ, ಮೈಮೇಲೆ ಆ ಜಾಕೆಟ್ಟು, ಅಷ್ಟರಲ್ಲೇ ಬಂದೆ. ಬೂಟು ಬಿಚ್ಚದೆ ಮೆಟ್ಟಿಲ ಮೇಲೆ ಕೂತುಬಿಟ್ಟೆ. ‘ಎಲ್ಲರೂ ಸೇಫ್ ಅಜ್ಜಿ’ ಅಂದೆ. ‘ಬೀಗಿತ್ತಿ?’ ಅಂದೆ ನಾನು. ‘ಅವರು ಅಲ್ಲಿಯೋರು’ ಅಂದೆ ನೀನು.

ಆ ಮಾತು ನನ್ನ ಎದೆಯಲ್ಲಿ ಇನ್ನೂ ಮುಳ್ಳಿನ ಹಾಗೆ ಕೂತಿದೆ. ಎಲ್ಲರೂ ಅಂದರೆ ಯಾರು? ಬಸ್ಸಿನಲ್ಲಿ ಹೊರಗಿನವರಿಗೆ ಮಾತ್ರ ಜಾಗವಿತ್ತಂತೆ. ಅವಳು ಗೇಟಿನವರೆಗೆ ಬಂದು ಬಟ್ಟೆಯಲ್ಲಿ ಬುತ್ತಿ ಕಟ್ಟಿ ಕೈಗಿತ್ತಳಂತೆ. ‘ಒಂದು ವಾರದಲ್ಲಿ ಬರ್ತೀನಿ, ನನ್ನ ಕೋಣೇಲಿರೋ ಆಫೀಸಿನ ಸಾಮಾನು ಹುಷಾರಾಗಿ ಇಟ್ಕೊಂಡಿರಿ ಅಂತ ಹೇಳ್ಬಿಟ್ಟೆ ಅಜ್ಜಿ’ ಅಂತ ನೀನು ಅತ್ತೆ. ಆ ದಿನ ನಾನು ನಿನ್ನನ್ನು ಏನೂ ಅನ್ನಲಿಲ್ಲ. ನಿನ್ನ ತಲೆ ನನ್ನ ಮಡಿಲಲ್ಲಿತ್ತು. ಬದುಕಿ ಬಂದೆಯಲ್ಲ ಅನ್ನುವುದೇ ನನಗೆ ಸಾಕಾಗಿತ್ತು.

ನಿನ್ನ ಆ ಒಂದು ವಾರ ಇನ್ನೂ ಮುಗಿದಿಲ್ಲ. ಈ ಮಧ್ಯೆ ನಿನಗೆ ಬಡ್ತಿ ಬಂತು. ಮುಖ್ಯ ಕಚೇರಿ, ಗಾಜಿನ ಕೋಣೆ, ಶಾಂತಿ ಸಲಹೆಗಾರ್ತಿ ಅನ್ನುವ ಹೆಸರು. ಇಲ್ಲಿದ್ದಷ್ಟು ದಿನ ಅವಳ ಕರೆಗೆ ನಿನ್ನ ಫೋನು ಹೊಡೆದುಕೊಳ್ಳುತ್ತಿತ್ತು, ನೀನು ಅದನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದೆ. ನಾನು ಕಂಡಿಲ್ಲ ಅಂದುಕೊಂಡೆಯಾ?

ಕೊನೆಗೆ ಬೀಗಿತ್ತಿ ನನಗೇ ಫೋನು ಮಾಡಿದಳು. ಬೆಳಿಗ್ಗೆ, ನಿಮ್ಮಪ್ಪ ಅಂಗಡಿಯ ಶಟರ್ ಎತ್ತುವ ಹೊತ್ತು. ಮುಖ ಸೋತಿತ್ತು, ಹೆಣಿಗೆ ಕೈಯಲ್ಲಿರಲಿಲ್ಲ. ಏನೇನೋ ಹೇಳಿದಳು, ಒಂದಕ್ಷರ ತಿಳಿಯಲಿಲ್ಲ. ನೀನು ಪಕ್ಕದ ಕೋಣೆಯಲ್ಲಿ ತಲೆ ಬಾಚಿಕೊಳ್ಳುತ್ತಿದ್ದೆ. ನಾನು ಕರೆದೆ. ನೀನು ಬಾಚಣಿಗೆ ಹಿಡಿದ ಕೈಯನ್ನೇ ಬೇಡ ಬೇಡ ಅಂತ ಆಡಿಸಿದೆ. ಅವಳು ಫೋನು ಇಟ್ಟ ಮೇಲೆ ಬಂದು, ‘ಆಫೀಸಿನ ರೂಲ್ಸ್ ಅಜ್ಜಿ. ಅಲ್ಲಿಯೋರ ಜೊತೆ ಮಾತಾಡೋ ಹಾಗಿಲ್ಲ. ನಾವು ಮಾತಾಡಿದ್ರೆ ಅವರಿಗೇ ತೊಂದ್ರೆ’ ಅಂದೆ. ಮರುದಿನ ಬೆಳಿಗ್ಗೆ ಪೆಟ್ಟಿಗೆ ಎತ್ತಿಕೊಂಡು ಮುಖ್ಯ ಕಚೇರಿಗೆ ಹೊರಟೇಬಿಟ್ಟೆ.

ನಾನೂ ನಂಬಿದೆ. ಓದಿದವಳು, ಗೊತ್ತಿರುತ್ತದೆ ಅಂತ. ಆದರೆ ಬೀಗಿತ್ತಿ ಮತ್ತೆ ಮಾಡಿದಳು. ಈ ಸಲ ಮಂಚದ ಕೆಳಗಿನಿಂದ ನಿಮ್ಮ ನೀಲಿ ಜಾಕೆಟ್ಟುಗಳ ಗಂಟನ್ನೇ ಎಳೆದು ತೋರಿಸಿದಳು. ನಿಮ್ಮ ಆಫೀಸಿನ ಬೋರ್ಡು ತೋರಿಸಿದಳು. ಕಿಟಕಿಯ ಕಡೆ ಬೆರಳು ಮಾಡಿದಳು. ಅಷ್ಟರಲ್ಲಿ ಆಚೆ ಎಲ್ಲೋ ಬಾಗಿಲು ಬಡಿದ ಸದ್ದು. ಎಲ್ಲವನ್ನೂ ಕಾಲಿನಿಂದ ಮಂಚದ ಕೆಳಗೆ ಒದ್ದಳು, ಫೋನು ಕತ್ತಲಾಯಿತು. ನಿಮ್ಮಪ್ಪ ಸುದ್ದಿ ಓದಿ ಹೇಳಿದ: ಮನೆ ಮನೆ ಜಾಲಾಡುತ್ತಿದ್ದಾರಂತೆ, ಹೊರಗಿನ ಸಂಸ್ಥೆಗಳ ಜೊತೆ ಇದ್ದವರು ಅಂತ ಗುಮಾನಿ ಬಂದರೆ ಎಳೆದೊಯ್ಯುತ್ತಿದ್ದಾರಂತೆ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ನಿನಗೆ ಫೋನು ಮಾಡಿದರೆ, ‘ಆಫೀಸಿಗೆ ಹೇಳಿದೀನಿ ಅಜ್ಜಿ, ಅವರು ನೋಡ್ಕೋತಾರೆ’ ಅಂದೆ. ಯಾವ ಆಫೀಸು? ಆ ಊರಲ್ಲಿ ಈಗ ನಿಮ್ಮ ಆಫೀಸು ಅಂತ ಇರುವುದೇ ಅವಳ ಮಂಚದ ಕೆಳಗೆ!

ಮರುದಿನ ಬೆಳಿಗ್ಗೆ ಅವಳು ಒಲೆಯ ಬಾಗಿಲು ತೆರೆದು, ಬೆಂಕಿಯ ಮುಂದೆ ಒಂದು ಜಾಕೆಟ್ಟು ಹಿಡಿದು, ನನ್ನ ಮುಖ ನೋಡಿದಳು.

ಕೇಳಿದೆಯಾ? ಸುಡಲಾ ಅಂತ ಕೇಳುತ್ತಿದ್ದಾಳೆ! ಕುತ್ತಿಗೆಗೆ ಬಂದಿದೆ, ಆದರೂ ಇನ್ನೊಬ್ಬರ ಸಾಮಾನು, ಹುಷಾರಾಗಿ ಇಟ್ಟುಕೋ ಅಂದಿದ್ದಾರೆ, ಹೇಳದೆ ಕೇಳದೆ ಹೇಗೆ ಸುಡುವುದು ಅಂತ ಕಾಯುತ್ತಿದ್ದಾಳೆ. ಇಷ್ಟು ದಿನ ನಿನ್ನ ಫೋನು ಹೊಡೆದುಕೊಂಡದ್ದು ಇದಕ್ಕೆ. ‘ಸುಡಿ’ ಅಂತ ನೀನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಮಾತಾಡಿದರೆ ಅವಳಿಗೆ ತೊಂದರೆ ಅಂತ ಅವಳ ಪರವಾಗಿ ನೀನೇ ತೀರ್ಮಾನ ಮಾಡಿದೆ. ತನ್ನ ತೊಂದರೆ ಯಾವುದು ಅಂತ ತಿಳಿಯದಷ್ಟು ದಡ್ಡಿಯಾ ಅವಳು? ಬೇಕಂತಲೇ ಫೋನು ಮಾಡುತ್ತಿದ್ದವಳು ಅವಳೇ ಅಲ್ಲವಾ? ರೂಲ್ಸು ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಬಾಚಣಿಗೆ ಆಡಿಸುವಾಗ ನೀನು ಫೋನಿಗೆ ಕಾಣದ ಹಾಗೆ ಗೋಡೆಗೆ ಒತ್ತಿಕೊಂಡಿದ್ದೆ. ಅದು ರೂಲ್ಸಿಗೆ ಹೆದರಿ ಅಡಗಿದ್ದಲ್ಲ. ಒಂದು ವಾರ ಅಂದೆಯಲ್ಲಮ್ಮ ಅಂತ ಅವಳೆಲ್ಲಿ ಕೇಳಿಬಿಡುತ್ತಾಳೋ ಅಂತ ನಿನಗೆ ಭಯ. ನಾಚಿಕೆಯಾಗಬೇಕಾದದ್ದೇ. ಆದರೆ ನಿನ್ನ ನಾಚಿಕೆಯನ್ನು ಅವಳು ಯಾಕೆ ಮಂಚದ ಕೆಳಗೆ ಇಟ್ಟುಕೊಂಡು ಕಾಯಬೇಕು?

ನಾನು ತಲೆಯಾಡಿಸಿದೆ, ಸುಡು ಅಂದೆ, ಕೂಗಿದೆ. ಅವಳಿಗೆ ಸಮಾಧಾನವಿಲ್ಲ. ಹೆಗಲ ಮೇಲಿಂದ ಜಡೆ ಇಳಿಬಿಟ್ಟ ಹಾಗೆ ಕೈ ಮಾಡಿ ತೋರಿಸಿದಳು. ನಿನ್ನ ಜಡೆ. ನಿನ್ನ ಮೊಮ್ಮಗಳೂ ಸುಡು ಅಂದಳಾ ಅಂತ.

ಆಗಲೇ ನಾನು ಮೊಳೆಯಿಂದ ನಿನ್ನ ಜಾಕೆಟ್ಟು ಎಳೆದುಕೊಂಡದ್ದು. ಅಂಗಡಿಯ ಹಿಂದೆ ರೆಕ್ಸಿನ್ ಚೂರು ಸುಡುವ ತಗಡಿನ ಡಬ್ಬವಿದೆಯಲ್ಲ, ಅದಕ್ಕೆ ಬೆಂಕಿ ಹಚ್ಚಿದೆ. ಫೋನನ್ನು ನಿಮ್ಮಮ್ಮನ ಕೈಗೆ ಕೊಟ್ಟು, ‘ಸರಿಯಾಗಿ ಹಿಡ್ಕೊಳ್ಳೇ, ನನ್ನ ಮೂತಿ ಬೇಡ, ಡಬ್ಬ ಕಾಣಬೇಕು’ ಅಂದೆ. ನಿಮ್ಮಪ್ಪ ಕತ್ತರಿ ಸಮೇತ ಓಡಿ ಬಂದ. ‘ಅಮ್ಮಾ! ಅದು ಅವಳ ಆಫೀಸಿಂದು!’ ‘ಗೊತ್ತು ಕಣೋ, ಅದಕ್ಕೇ ಸುಡ್ತಿರೋದು.’ ಬೆನ್ನಿನ ಬಿಳಿ ಗುರುತನ್ನು ಅವಳಿಗೆ ಕಾಣುವ ಹಾಗೆ ಅಗಲವಾಗಿ ಹಿಡಿದು, ಒಳಗೆ ಹಾಕಿದೆ. ಎಂಥ ಬಟ್ಟೆಯೋ ಅದು, ಉರಿಯುವ ಬದಲು ಕರಗಿತು. ಇಡೀ ಬೀದಿ ಮೂಗು ಮುಚ್ಚಿಕೊಂಡಿತು.

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡು ನೋಡಿದಳು. ಆಮೇಲೆ ಒಂದೊಂದೇ ಜಾಕೆಟ್ಟನ್ನು ಒಲೆಗೆ ತುರುಕಿದಳು. ಬೋರ್ಡನ್ನು ಕೊಡಲಿಯಿಂದ ಸೀಳಿ ಅದನ್ನೂ ಹಾಕಿದಳು. ಇಬ್ಬರು ಮುದುಕಿಯರು ಎರಡು ದೇಶದಲ್ಲಿ ಕೂತು ನಿಮ್ಮ ಸಂಸ್ಥೆಗೆ ಬೆಂಕಿಯಿಟ್ಟೆವು. ನಿನ್ನ ವರದಿಯಲ್ಲಿ ಬೇಕಾದರೆ ಬರೆದುಕೋ.

ಕಾಗದ ಇಲ್ಲಿಗೇ ಮುಗಿಯಬಹುದಿತ್ತು, ನನ್ನ ಸಿಟ್ಟೂ ತಣ್ಣಗಾಗುತ್ತಿತ್ತು. ಆದರೆ ಎಲ್ಲ ಸುಟ್ಟ ಮೇಲೆ ಅವಳು ಮಸಿಯ ಕೈಯಲ್ಲೇ ನೆಲದ ಮೇಲೆ ಕೂತು, ಫೋನನ್ನು ಮುಖದ ಹತ್ತಿರ ತಂದು, ಬಹಳ ಹೊತ್ತು ಮಾತಾಡಿದಳು. ಮೆಲ್ಲಗೆ, ಬಿಡಿಸಿ ಬಿಡಿಸಿ, ಮಕ್ಕಳಿಗೆ ಹೇಳುವ ಹಾಗೆ. ಕೊನೆಗೆ ಏನೋ ಕೇಳಿದಳು. ನನ್ನ ಉತ್ತರಕ್ಕೆ ಕಾದಳು. ಆ ಮುಖ ನೋಡಿ ಇಲ್ಲ ಅನ್ನಲು ನನ್ನಿಂದಾಗಲಿಲ್ಲ. ಹೂಂ ಅಂತ ತಲೆಯಾಡಿಸಿದೆ. ಅವಳು ಕಣ್ಣೊರೆಸಿಕೊಂಡು ನಕ್ಕಳು.

ಯಾವುದಕ್ಕೆ ಹೂಂ ಅಂದೆ ನಾನು? ನೀನು ಚೆನ್ನಾಗಿದ್ದೀಯಾ ಅಂತ ಕೇಳಿದಳೋ? ನಿಮ್ಮ ಮನೆಗೆ ಬರಲಾ ಅಂದಳೋ? ಒಮ್ಮೆ ಫೋನಿನಲ್ಲಿ ತೋರಿಸಿದ್ದಳಲ್ಲ, ಆ ಅವಳ ಮಗನ ಮಕ್ಕಳನ್ನು ಹೇಗಾದರೂ ಆಚೆ ದಾಟಿಸಿ ಅಂದಳೋ? ನಾನು ಮಾತು ಕೊಟ್ಟಾಗಿದೆ, ಏನು ಮಾತು ಅಂತ ನನಗೇ ಗೊತ್ತಿಲ್ಲ. ಈ ಮನೆಯಲ್ಲಿ ಅದು ತಿಳಿಯುವವಳು ನೀನೊಬ್ಬಳೇ. ಎರಡೂ ಕಡೆಯವರ ಮಾತು ಕೇಳುವುದನ್ನು ಕಲಿತು ಬಂದವಳು, ಬಡ್ತಿ ಪಡೆದವಳು, ಒಂದು ಕಡೆಯವಳ ಒಂದು ಮಾತಿಗೆ ಕಿವಿ ಮುಚ್ಚಿಕೊಂಡು ಕೂತಿದ್ದೀಯ.

ಕೆಲಸ ಬಿಡು ಅನ್ನುತ್ತಿಲ್ಲ. ಆ ಕೆಲಸಕ್ಕಾಗಿ ನಾನೂ ನಿನ್ನಷ್ಟೇ ಹೊಡೆದಾಡಿದ್ದೇನೆ. ಹೋಗು, ಸಮಾರಂಭದಲ್ಲಿ ಮಾತಾಡು. ಆದರೆ ಅದಕ್ಕೆ ಮೊದಲು ಅವಳ ಜೊತೆ ಮಾತಾಡು.

ನಿಮ್ಮಪ್ಪ ರೆಕ್ಸಿನ್ ತರಲು ನೀನಿರುವ ಊರಿಗೇ ಬರುತ್ತಿದ್ದಾನೆ. ಕಾಗದ ಅವನ ಕೈಯಲ್ಲೇ ಕೊಟ್ಟಿದ್ದೇನೆ. ನೀನು ಓದಿ ಮುಗಿಸುವವರೆಗೆ ಎದುರು ಕುರ್ಚಿಯಿಂದ ಏಳಬೇಡ ಅಂದಿದ್ದೇನೆ. ಅವನ ಅಂಗಿಯ ಜೇಬಿನಲ್ಲಿ ನನ್ನ ಫೋನೂ ಇದೆ, ಚಾರ್ಜು ತುಂಬಿಸಿದ್ದೇನೆ. ಅವಳು ಯಾವಾಗಲೂ ಮಾಡುವ ಹೊತ್ತಿಗೆ, ಬೆಳಿಗ್ಗೆ ಅಂಗಡಿಗಳ ಶಟರ್ ಏಳುವಾಗ, ಅದು ಹೊಡೆದುಕೊಳ್ಳುತ್ತದೆ. ಅವಳು ನನ್ನ ಮುಖ ಕಾಣುತ್ತದೆ ಅಂದುಕೊಂಡಿರುತ್ತಾಳೆ. ನೀನು ಎತ್ತು. ಕ್ಷಮಿಸಿ ಅಂತ ಅಳಲು ಶುರು ಮಾಡಬೇಡ. ನೀನು ಅತ್ತರೆ ಅವಳೇ ನಿನ್ನನ್ನು ಸಮಾಧಾನ ಮಾಡಬೇಕಾಗುತ್ತದೆ, ಅವಳಿಗೆ ಅಷ್ಟು ಪುರಸೊತ್ತಿಲ್ಲ. ಸುಮ್ಮನೆ ಕೇಳಿಸಿಕೋ. ನನ್ನ ಹೂಂ ಯಾವುದಕ್ಕೇ ಆಗಿರಲಿ, ಅದನ್ನು ನಡೆಸಿಕೊಡಬೇಕಾದವಳು ಇನ್ನು ನೀನು. ರೂಲ್ಸು ಅಡ್ಡ ಬಂದರೆ ರೂಲ್ಸು ಮಾಡಿದವರ ಮೇಜಿನ ಮುಂದೆ ಹೋಗಿ ಕೂತುಕೋ. ಏಳು ಅಂದರೂ ಏಳಬೇಡ.

ಬೀಗಿತ್ತಿ ನೂರು ಕಾಲ ಬದುಕಲಿ. ನೀನು ಇನ್ನೂ ದೊಡ್ಡವಳಾಗು. ಆ ಮನೆಯ ಗೇಟಿನ ಮುಂದೆ ಮತ್ತೆ ಹೋಗಿ ನಿಲ್ಲುವಷ್ಟು ದೊಡ್ಡವಳಾಗು.

ಫೋನಿಲ್ಲದೆ, ನಿಮ್ಮಪ್ಪ ತರುವ ಉತ್ತರಕ್ಕೆ ಕಾದು ಕೂತಿರುವ,
ನಿನ್ನ ಅಜ್ಜಿ