ಲಿತ್ವಿನ್ ಎಂಬ ಹೆಸರಿನವರು

ಜರ್ಮನ್‌ಟೌನ್, ಮಾರ್ಚ್ ೧೯೯೬

ಮಾರೆಕ್,

ನೀನು ಸತ್ತಾಗಲೂ ಬರದ ಸಿಟ್ಟು ಇವತ್ತು ಬಂದಿದೆ. ನಮ್ಮ ಹನ್ನಾಳಿಗೆ ಅಸ್ಥಿಮಜ್ಜೆ ಬೇಕು. ನನ್ನ ಕಡೆಯವರದು ಯಾರದೂ ಹೊಂದಲಿಲ್ಲ. ತಂದೆಯ ಕಡೆಯವರನ್ನು ಹುಡುಕಿ ಎಂದರು ಡಾಕ್ಟರು. ನೀನೋ, ನಿನ್ನವರಿದ್ದ ಪೋಲೆಂಡಿನ ಮಾತೆತ್ತಿದರೆ ಎದ್ದು ಹೋಗುತ್ತಿದ್ದೆ.

ಫೋನ್ ಬುಕ್ಕಿನಲ್ಲಿದ್ದ, ನಿನ್ನ ಅಡ್ಡಹೆಸರಿನ ಲಿತ್ವಿನ್‌ಗಳಿಗೆಲ್ಲ ಫೋನ್ ಮಾಡಿದೆ. ನಮ್ಮಲ್ಲಿ ಮುಧೋಳ ಎಂಬ ಅಡ್ಡಹೆಸರಿನ ಇಬ್ಬರು ಎದುರಾದರೆ ಚಹಾ ಮುಗಿಯುವುದರೊಳಗೆ ಸಂಬಂಧ ಸಿಕ್ಕಿಬಿಡುತ್ತದಲ್ಲ, ಹಾಗೆಂದುಕೊಂಡೆ.

ಇವತ್ತು ಬಾಲ್ಟಿಮೋರಿನ ಮುದುಕರೊಬ್ಬರು ಮೆತ್ತಗೆ ಹೇಳಿದರು: "ಲಿತ್ವಿನ್ ಅಂದ್ರೆ ಲಿಥುವೇನಿಯಾದವನು, ಅಷ್ಟೇ. ಅಲ್ಲಿಂದ ಬಂದವರನ್ನ ಪೋಲೆಂಡಿನ ಎಷ್ಟೋ ಊರುಗಳಲ್ಲಿ ಹಾಗೇ ಕರೀತಿದ್ರು. ನಾವು ಒಂದೇ ಮನೆಯವರಾಗಿರಬೇಕು ಅಂತೇನಿಲ್ಲ."

ನನಗೇ ಹೊಳೆಯಬೇಕಿತ್ತು. ಮುಧೋಳದಲ್ಲೇ ಇದ್ದವರನ್ನು ಯಾರು ಮುಧೋಳ ಎನ್ನುತ್ತಾರೆ? ಊರು ಬಿಟ್ಟವರಿಗೇ ಆ ಹೆಸರು.

ಆದರೂ ರಕ್ತಪರೀಕ್ಷೆ ಮಾಡಿಸಿಕೊಳ್ಳಿ ಎಂದು ಅಂಗಲಾಚಿದೆ. "ನನಗೆ ವಯಸ್ಸಾಯ್ತು, ಯಾರೂ ತಗೊಳ್ಳಲ್ಲ" ಎಂದು ಅವರೇ ಅತ್ತುಬಿಟ್ಟರು.

ಹನ್ನಾ ಒಳಗಿನಿಂದ ಕೇಳಿದಳು: "ಮಮ್ಮಿ, ಹೂ ವಾಸ್ ದಟ್? ಡ್ಯಾಡಿ ಫ್ಯಾಮಿಲಿನಾ?"

"ಹೌದು ಪುಟ್ಟಾ" ಎಂದೆ.

ನಾಳೆ ಲೈಬ್ರರಿಗೆ ಹೋಗಿ ಅಟ್ಲಾಂಟಾದ ಫೋನ್ ಬುಕ್ ತೆಗೆಸುತ್ತೇನೆ. ಆ ಹೆಸರಿನಿಂದ ಏನೂ ಸಿಗಲಾರದೆಂದು ಗೊತ್ತು. ಆದರೆ ನೀನು ನನಗೆ ಬಿಟ್ಟುಹೋದದ್ದು ಅದೊಂದೇ.